ಸಹಾರದಿಂದ ಸಾಂತಾಕ್ರೂಜಿಗೆ ಮೂರು ತಾಸು

ಮುಂಬಯಿಯ ಸಹಾರ ವಿಮಾನ ನಿಲ್ದಾಣಕ್ಕೂ ಸಾಂತಾಕ್ರೂಜ ನಿಲ್ದಾಣಕ್ಕೂ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಇವತ್ತಿಗೂ ಕಿಲೋಮೀಟರಿನ ಲೆಕ್ಕ ಬರುವುದಿಲ್ಲ. ಮೂರು ತಾಸು ಎನ್ನುತ್ತೇನೆ. ನಮ್ಮ ಕಾಲದಲ್ಲಿ ಪರದೇಶದ ವಿಮಾನಗಳು ಸಹಾರದಲ್ಲಿ ಇಳಿಯುತ್ತಿದ್ದವು, ದೇಶದೊಳಗಿನ ವಿಮಾನಗಳು ಸಾಂತಾಕ್ರೂಜದಿಂದ ಏಳುತ್ತಿದ್ದವು. ಎರಡಕ್ಕೂ ರನ್‌ವೇ ಒಂದೇ. ಗೋಡೆ ಹಾರಿದರೆ ಆಚೆ ಕಡೆ ಬೀಳಬಹುದು ಅನ್ನುವಷ್ಟು ಹತ್ತಿರ. ಆದರೆ ಮರ್ಯಾದಸ್ಥರು ಪಾಸ್‌ಪೋರ್ಟಿಗೆ ಠಸ್ಸೆ ಹಾಕಿಸಿಕೊಂಡು, ಬ್ಯಾಗಿಗಾಗಿ ಕಾದು, ಕಸ್ಟಮ್ಸ್ ದಾಟಿ, ಹೊರಗೆ ಬಂದು, ಬಸ್ಸು ಹತ್ತಿ, ಊರು ಸುತ್ತಿಕೊಂಡು ಆಚೆ ಕಡೆ ಹೋಗಬೇಕಾಗಿತ್ತು.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಬೆಂಗಳೂರಿನಿಂದ ಬಂದ ಒಂದು ಕುಟುಂಬವಿದೆ. ಅವರ ಮಗಳು ಪ್ರವಾಸೋದ್ಯಮದ ಡಿಪ್ಲೊಮಾ ಓದುತ್ತಿದ್ದಾಳೆ. "ಆಂಟಿ, ನಿಮ್ಮ ಎಕ್ಸ್‌ಪೀರಿಯನ್ಸ್ ಬರ್ದುಕೊಡಿ, ಪ್ರಾಜೆಕ್ಟ್‌ಗೆ ಬೇಕು. ಹತ್ತು ಪಾಯಿಂಟ್ಸ್ ಇದ್ರೆ ಸಾಕು" ಎಂದು ಕೇಳಿದಳು. ಇಪ್ಪತ್ತು ವರ್ಷ ಟಿಕೆಟ್ ಬರೆದವಳ ಹತ್ತಿರ ಹತ್ತು ಪಾಯಿಂಟ್ ಇರಲಾರವೇ ಎಂದು ಅವಳ ಲೆಕ್ಕ. ಕುಳಿತು ಯೋಚಿಸಿದೆ. ನನ್ನ ಹತ್ತಿರ ಇರುವುದು ಒಂದು ಸಂಗತಿ, ಮತ್ತು ಅದರ ಆಚೀಚೆ ಒಂದೆರಡು ಎಡವಟ್ಟು. ಮಾರ್ಕು ಸಿಗದಿದ್ದರೆ ನಾನು ಜವಾಬ್ದಾರಳಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದೆ. ತೊಂಬತ್ತರ ಸುಮಾರಿಗೆ ಅಲ್ಲಿನ ಕ್ಯಾಂಪ್ ಬಡಾವಣೆಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತು. ನನ್ನ ಅಕ್ಷರ ದುಂಡಗಿದೆ ಎಂಬುದೊಂದೇ ನನ್ನ ಅರ್ಹತೆ. ಆಗ ಟಿಕೆಟ್ಟನ್ನು ಕೈಯಿಂದ ಬರೆಯಬೇಕು. ಸಣ್ಣ ಪುಸ್ತಕದಂಥ ಟಿಕೆಟ್, ಹಾಳೆಗಳ ಬೆನ್ನಿಗೆ ಕೆಂಪು ಕಾರ್ಬನ್. ಒತ್ತಿ ಬರೆದರೆ ಕೊನೆಯ ಹಾಳೆಗೂ ಮೂಡಬೇಕು. ಆ ಕೊನೆಯ ಹಾಳೆ ನಮ್ಮ ಆಫೀಸಿನಲ್ಲಿ ಉಳಿಯುತ್ತಿತ್ತು. ಒಂದು ಅಂಕಿ ತಪ್ಪಿದರೆ ತಿದ್ದುವ ಹಾಗಿಲ್ಲ, ಇಡೀ ಟಿಕೆಟ್ ರದ್ದು. ಸಂಜೆ ಮನೆಗೆ ಹೋಗುವಾಗ ಬೆರಳ ತುದಿಗಳೆಲ್ಲ ಕೆಂಪು. ಮೊದಲ ವಾರ ಅತ್ತೆಯವರು ನನ್ನ ಕೈ ಹಿಡಿದು ನೋಡಿ, "ನಿಮ್ಮ ಆಫೀಸಿನ್ಯಾಗ ಮೆಹಂದಿ ಹಚ್ತಾರೇನ?" ಎಂದು ಕೇಳಿದ್ದರು.

ನಮ್ಮ ಮ್ಯಾನೇಜರ್ ಫಡಕೆ ಸಾಹೇಬರು. ಅಪ್ಪಟ ಪುಣೇಕರ. ಪುಣೆಯ ಹಳೇ ಅಂಗಡಿಗಳ ಹಾಗೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಮುಚ್ಚಲು ಮಾಲೀಕರು ಬಿಡಲಿಲ್ಲವೆಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಜಗತ್ತಿನ ವಿಮಾನಗಳ ವೇಳಾಪಟ್ಟಿಯನ್ನೆಲ್ಲ ಅಚ್ಚು ಹಾಕಿದ ಇಟ್ಟಿಗೆಯಂಥ ಪುಸ್ತಕವೊಂದು ಪ್ರತಿ ತಿಂಗಳು ಬರುತ್ತಿತ್ತು. ಅದು ಅವರಿಗೆ ಬಾಯಿಪಾಠ. ಆದರೆ ಈ ಮನುಷ್ಯ ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ವರ್ಷಕ್ಕೆರಡು ಸಲ ಬಾರಾಮತಿಯ ತಂಗಿಯ ಮನೆಗೆ ಕೆಂಪು ಬಸ್ಸಿನಲ್ಲಿ ಹೋಗಿ ಬರುವುದೇ ಅವರ ದೂರ ಪ್ರಯಾಣ. ಅಷ್ಟಕ್ಕೂ ಬಸ್ಸು ಬಿಡುವ ಒಂದೂವರೆ ತಾಸು ಮೊದಲೇ ಸ್ಟ್ಯಾಂಡಿನಲ್ಲಿ ಇರುತ್ತಿದ್ದರು.

ಆ ಪುಸ್ತಕದಲ್ಲಿ ಯಾವ ನಿಲ್ದಾಣದಲ್ಲಿ ಒಂದು ವಿಮಾನ ಇಳಿದು ಇನ್ನೊಂದು ಹತ್ತಲು ಕನಿಷ್ಠ ಎಷ್ಟು ಹೊತ್ತು ಬೇಕು ಎಂದು ಕೊಟ್ಟಿರುತ್ತಿದ್ದರು. ಮುಂಬಯಿಗೆ ಕೊಟ್ಟದ್ದು ಸಾಹೇಬರಿಗೆ ಸಾಲುತ್ತಿರಲಿಲ್ಲ. "ತೀನ ತಾಸ್ ಮ್ಹಣಜೇ ತೀನ ತಾಸ್" ಎಂದು ಮೇಜು ಕುಟ್ಟುತ್ತಿದ್ದರು. ಮೂರು ತಾಸು ಎಂದರೆ ಮೂರು ತಾಸು, ಅದರಲ್ಲಿ ಚೌಕಾಶಿಯಿಲ್ಲ. ಪುಸ್ತಕದಲ್ಲಿ ಕಡಿಮೆ ಇದೆಯಲ್ಲ ಎಂದರೆ, "ಪುಸ್ತಕ ಬರೆದವನಿಗೆ ನೆಂಟರಿಲ್ಲ" ಎನ್ನುತ್ತಿದ್ದರು.

ನೆಂಟರ ಮಾತು ನನಗೆ ತಿಳಿದದ್ದು ಕೋರಿಶೆಟ್ಟರ ಮಗನ ಪ್ರಕರಣದಲ್ಲಿ. ಕೋರಿಶೆಟ್ಟರು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಗಳು, ಬೆಳಗಾವಿ ಕಡೆಯವರು. ಮಗ ಸಿಂಗಾಪುರಕ್ಕೆ ಹೋಗಿ ಹದಿನೈದು ದಿನ ಇದ್ದು ಬರುವವನಿದ್ದ. ಸಹಾರದಲ್ಲಿ ಇಳಿದು, ಸಾಂತಾಕ್ರೂಜದಿಂದ ಪುಣೆಗೆ ಬೇರೆ ವಿಮಾನ. ಮೂರೂಕಾಲು ತಾಸು ಇಟ್ಟು ಟಿಕೆಟ್ ಬರೆದಿದ್ದೆ. ಹೊರಗೆ ಬಂದು ನೋಡಿದರೆ ಮನೆಯ ಹದಿನಾಲ್ಕು ಮಂದಿ ಎರಡು ಜೀಪು ಮಾಡಿಕೊಂಡು ಎದುರುಗೊಳ್ಳಲು ಬಂದಿದ್ದಾರೆ. ಹಾರ, ಆರತಿ, ಡಬ್ಬಿಯಲ್ಲಿ ಕರಿಗಡಬು. ಅಜ್ಜಿಗೆ ದೃಷ್ಟಿ ತೆಗೆಯಬೇಕು, ಕಾಕಾನಿಗೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಯಬೇಕು. ವಿಮಾನ ತಪ್ಪಿತು. ಜೀಪಿನಲ್ಲಿ ಬಾ ಎಂದರೆ ಅಲ್ಲಿ ಹದಿನಾಲ್ಕು ಮಂದಿಗಷ್ಟೇ ಜಾಗ. ಕರೆದೊಯ್ಯಲು ಬಂದವರೆಲ್ಲ ಜೀಪಿನಲ್ಲಿ ಮುಂದೆ ಹೋದರು, ಹುಡುಗ ಒಬ್ಬನೇ ದಾದರಿಗೆ ಹೋಗಿ ಬಸ್ಸು ಹಿಡಿದ. ಮರುದಿನ ಶೆಟ್ಟರು ನಮ್ಮ ಆಫೀಸಿಗೆ ಬಂದು, "ಇಷ್ಟ ಸಣ್ಣ ಟೈಮ್ ಯಾಕ ಇಟ್ಟೀರಿ?" ಎಂದು ನನ್ನನ್ನೇ ಜಾಡಿಸಿದರು. ಫಡಕೆ ಸಾಹೇಬರು ಮರುತಿಂಗಳಿನಿಂದ ಬೆಲ್ಲದ ವ್ಯಾಪಾರಿಗಳಿಗೆ ಐದು ತಾಸು ಎಂದು ನಿಯಮ ಮಾಡಿದರು.

ತೊಂಬತ್ತರ ದಶಕದ ನಡುವೆ ನಮ್ಮ ಮೇಜಿಗೆ ಕಂಪ್ಯೂಟರ್ ಬಂತು. ಕಪ್ಪು ತೆರೆಯ ಮೇಲೆ ಹಸಿರು ಅಕ್ಷರ. ಸಂಕೇತಗಳನ್ನು ಒತ್ತಿದರೆ ಸೀಟು ಇದೆಯೋ ಇಲ್ಲವೋ ಕ್ಷಣದಲ್ಲಿ ಹೇಳುತ್ತಿತ್ತು. ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವೆ ಎರಡು ತಾಸಿದ್ದರೂ ಅದು ಪುಸ್ತಕ ಮುಟ್ಟದೆ, ಮೇಜು ಕುಟ್ಟದೆ, ಸರಿ ಎಂದು ಒಪ್ಪಿಕೊಳ್ಳುತ್ತಿತ್ತು. ಅದಕ್ಕೂ ನೆಂಟರಿರಲಿಲ್ಲ. ನನಗೆ ಆಗ ಹುಮ್ಮಸ್ಸು. ಸಾಹೇಬರದು ಹಳೇ ತಲೆ, ನನ್ನದು ಹೊಸ ಯಂತ್ರ ಅನ್ನುವ ಕೊಬ್ಬು ಸ್ವಲ್ಪ ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕಸ್ತೂರಿಯ ಟಿಕೆಟ್ ಬರೆದದ್ದು ಈ ಕೊಬ್ಬಿನ ದಿನಗಳಲ್ಲಿ.

ಕಸ್ತೂರಿ ಗೋಕಾಕ ಕಡೆಯ ಹುಡುಗಿ, ನರ್ಸ್. ಪುಣೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವಾಗ ದೇಹೂ ರೋಡಿನ ಮರಾಠಿ ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ಆಮೇಲೆ ಗಂಡ ಹೆಂಡತಿ ಇಬ್ಬರೂ ಕೂಡಿಯೇ ನಿರ್ಧರಿಸಿ ಅವಳು ಎರಡು ವರ್ಷಕ್ಕೆಂದು ಮಸ್ಕತ್ತಿನ ಆಸ್ಪತ್ರೆಗೆ ಹೋದಳು. ಆ ಟಿಕೆಟ್ ಬರೆದವಳೂ ನಾನೇ. ಮಗಳು ಅಶ್ವಿನಿಗೆ ಆಗ ಐದು ವರ್ಷ. ಕಸ್ತೂರಿ ಹೋದ ಮೇಲೆ ಗಂಡನ ಮನಸ್ಸು ಯಾಕೋ ಬದಲಾಯಿತು. ತವರಿಗಿಂತ ದೊಡ್ಡ ಊರು ನೋಡಿದಳು, ಇನ್ನು ಬರುವುದಿಲ್ಲ ಎಂದು ಅವನ ತಾಯಿ ಹೇಳಿದಳಂತೆ. ಮಗುವನ್ನು ಕೊಡುವುದಿಲ್ಲ ಎಂದ. ಕಸ್ತೂರಿ ಶಿವಾಜಿನಗರದ ಕೋರ್ಟಿನಲ್ಲಿ ಮಗಳಿಗಾಗಿ ಅರ್ಜಿ ಹಾಕಿದಳು. ಎರಡು ತಾರೀಖುಗಳಿಗೆ ರಜೆ ಸಿಗದೆ ಬರಲಾಗಲಿಲ್ಲ. ಮೂರನೆಯ ಸಲವೂ ಅರ್ಜಿದಾರಳು ಬಾರದಿದ್ದರೆ ಅರ್ಜಿ ತೆಗೆದುಹಾಕುತ್ತೇವೆ ಎಂದು ನ್ಯಾಯಾಧೀಶರು ಹೇಳಿಬಿಟ್ಟಿದ್ದರು.

ಮಸ್ಕತ್ತಿನಿಂದ ಆಫೀಸಿಗೆ ಫೋನು ಬಂತು. "ಅಕ್ಕಾರ, ನಾಕ ದಿನ ರಜಾ ಕೊಟ್ಟಾರ್ರಿ. ಬರೂ ವಾರ ಮುಂಜಾನೆ ಹನ್ನೊಂದಕ್ಕ ಕೋರ್ಟಿನ್ಯಾಗ ಇರಬೇಕು. ಹಿಂದಿನ ದಿನದ ವಿಮಾನ ಎಲ್ಲಾ ಫುಲ್ ಅಂತಾರ. ಈ ಸಲ ತಪ್ಪಿದ್ರ ಅಶ್ವಿನಿ ನನಗ ಇಲ್ರಿ" ಎಂದಳು. ಅಳಲಿಲ್ಲ. ನರ್ಸುಗಳು ಸುಲಭಕ್ಕೆ ಅಳುವುದಿಲ್ಲ.

ತೆರೆ ನೋಡಿದೆ. ಕೋರ್ಟಿನ ದಿನವೇ ಬೆಳಗಿನ ಐದೂ ಹತ್ತಕ್ಕೆ ಸಹಾರದಲ್ಲಿ ಇಳಿಯುವ ವಿಮಾನದಲ್ಲಿ ಒಂದು ಸೀಟಿತ್ತು. ಅಲ್ಲಿಂದ ಟ್ಯಾಕ್ಸಿಯಾದರೆ ಖಂಡಾಳಾ ಘಾಟಿನಲ್ಲಿ ಲಾರಿಗಳ ಹಿಂದೆ ತೆವಳಿಕೊಂಡು ಪುಣೆ ಮುಟ್ಟುವಷ್ಟರಲ್ಲಿ ಐದು ತಾಸು. ಎಕ್ಸ್‌ಪ್ರೆಸ್ ರಸ್ತೆ ಆಗಿನ್ನೂ ಕಾಗದದ ಮೇಲಿತ್ತು. ವಿಮಾನವಾದರೆ ಸಾಂತಾಕ್ರೂಜದಿಂದ ಏಳೂ ಇಪ್ಪತ್ತಕ್ಕೆ ಎದ್ದು ಎಂಟರೊಳಗೆ ಪುಣೆ. ನಡುವೆ ಎರಡು ತಾಸು ಹತ್ತು ನಿಮಿಷ. ಯಂತ್ರ ಸರಿ ಎಂದಿತು. ಫಡಕೆ ಸಾಹೇಬರು ಸೋದರಳಿಯನ ಮುಂಜಿಗೆಂದು ಬಾರಾಮತಿಗೆ ಹೋಗಿದ್ದರು. ಅವರು ಬರುವವರೆಗೆ ಸೀಟು ಉಳಿಯುತ್ತಿರಲಿಲ್ಲ. ಬರೆದು ಅಂದೇ ಕುರಿಯರಿನಲ್ಲಿ ಮಸ್ಕತ್ತಿಗೆ ಕಳಿಸಿಬಿಟ್ಟೆ.

ಕಳಿಸಿದ ಮೇಲೆ ಸಾಹೇಬರ ಮೂರು ತಾಸು ನೆನಪಾಯಿತು. ಇಂಥ ಚಿಂತೆಗೆ ನಮ್ಮ ಮಂದಿಯ ಹತ್ತಿರ ಒಂದೇ ಮದ್ದು. ಅಲ್ಲಿ ನಮ್ಮವರು ಯಾರಾದರೂ ಇದ್ದಾರೋ ಎಂದು ಹುಡುಕುವುದು. ಅದು ಕಷ್ಟವೇನಲ್ಲ. ನನ್ನ ನಾದಿನಿಯ ಮೈದುನನ ಗೆಳೆಯ, ಧಾರವಾಡದ ಗುರುನಾಥ, ಸಹಾರದಲ್ಲಿ ಒಂದು ವಿಮಾನ ಸಂಸ್ಥೆಯ ನೌಕರ. ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಜನರನ್ನು ಸಾಗಿಸುವ ಬಸ್ಸಿನ ಉಸ್ತುವಾರಿಯೇ ಅವನದು. ದೇವರೇ ಕಣ್ಣು ಬಿಟ್ಟ ಅಂದುಕೊಂಡು ಫೋನು ಮಾಡಿದೆ.

"ಗುರಣ್ಣಾ, ನಮ್ಮ ಕಡೆ ಹೆಣ್ಣಮಗಳು. ಸ್ವಲ್ಪ ಲಗೂನ ದಾಟಿಸಿಬಿಡು."

"ಅಕ್ಕಾರ, ನಾ ಅದೀನಲ್ಲ, ನೀವ್ಯಾಕ ಚಿಂತಿ ಮಾಡ್ತೀರಿ? ಏನರ ವಿಶೇಷ ಏನ್ರಿ?"

ಇಲ್ಲಿ ನಾನು ಎಡವಿದೆ. ಗುರುನಾಥನಿಗೆ ಹೇಳಿದ್ದು ಸಂಜೆಯೊಳಗೆ ಮಾಳಮಡ್ಡಿ, ಸಪ್ತಾಪುರ, ಹುಬ್ಬಳ್ಳಿ ದಾಟಿ ಗೋಕಾಕ ಮುಟ್ಟುತ್ತದೆ. ಹೆಣ್ಣುಮಗಳ ಸಂಸಾರ ಕೋರ್ಟಿನಲ್ಲಿದೆ ಎಂದು ನನ್ನ ಬಾಯಿಂದ ಯಾಕೆ ಹೋಗಬೇಕು? "ಏನಿಲ್ಲೋ, ಪುಣೆಯೊಳಗ ಸ್ವಲ್ಪ ಕೆಲಸ ಅದ" ಎಂದೆ. ಆ ‘ಸ್ವಲ್ಪ’ ನನ್ನನ್ನು ಆಮೇಲೆ ಎಷ್ಟು ದಿನ ಕಾಡಿತೋ ಲೆಕ್ಕವಿಲ್ಲ.

ಕೋರ್ಟಿನ ದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ಮನೆಯ ಫೋನು ಬಡಿದುಕೊಂಡಿತು. ಗುರುನಾಥ. ದನಿಯಲ್ಲಿ ಹಬ್ಬದ ಕಳೆ.

"ನಿರ್ಮಲಕ್ಕಾರ, ನಿಮ್ಮವ್ರು ಬಂದ್ರು. ಭಾಳ ಛಲೋ ಹೆಣ್ಣಮಗಳು. ಐದೂ ಮುಕ್ಕಾಲಕ್ಕ ಹೊರಗ ಕರಕೊಂಡ ಬಂದೆ ನೋಡ್ರಿ. ಇಮಿಗ್ರೇಶನ್ ಹತ್ತ ನಿಮಿಷ. ಬ್ಯಾಗ್ ಎಲ್ಲಾರಕಿಂತ ಮೊದಲ ಬಂತು."

"ವಿಮಾನ ಹತ್ತಿದಳೇನು?"

"ಅದನ್ನ ಹೇಳಾಕ ಹತ್ತೀನ್ರಿ. ಇನ್ನೂ ಭಾಳ ಟೈಮ್ ಇತ್ತು. ಬಸ್ಸಿನ್ಯಾಗ ಯಾಕ ಹೋಗ್ತೀರಿ, ನಾನ ಬಿಡ್ತೀನಿ ಅಂದೆ. ನಮ್ಮ ಕ್ವಾರ್ಟರ್ಸ್ ಇಲ್ಲೇ ಐದ ಮಿನಿಟ್. ಊರ ಕಡೆ ಹೆಣ್ಣಮಗಳು ಬಾಗಲತನಕಾ ಬಂದು ಚಹಾ ಕುಡೀದ ಹೋದ್ರ ನಮ್ಮನ್ಯಾಕಿ ನನಗ ಊಟಾ ಹಾಕ್ತಾಳೇನ್ರಿ?"

"ಗುರುನಾಥ, ವಿಮಾನ?"

"ಉಪ್ಪಿಟ್ಟು ತಿಂದ್ರು, ಚಹಾ ಕುಡದ್ರು, ಎಲ್ಲಾ ಟೈಮಿಗೆ ಬರೋಬ್ಬರಿ ಇತ್ರಿ. ಹೊರಡೂ ಮುಂದ ನಮ್ಮನ್ಯಾಕಿ ಮುತ್ತೈದಿ ಮನಿಗೆ ಬಂದಾರ, ಉಡಿ ತುಂಬದ ಹೆಂಗ ಕಳಸೂದು ಅಂದ್ಲು. ತೆಂಗಿನಕಾಯಿ ಇತ್ತು, ಕುಪ್ಪಸದ ಖಣ ಸಿಗಲಿಲ್ಲ. ಟ್ರಂಕ್ ತಗಸಬೇಕಾತು. ಆ ವಿಮಾನ ಯಾವತ್ತೂ ಅರ್ಧಾ ತಾಸ ಲೇಟ್ ರೀ ಅಕ್ಕಾರ. ಇವತ್ತ ಯಾರೋ ದೊಡ್ಡ ಸಾಹೇಬ ಇನ್ಸ್‌ಪೆಕ್ಷನ್‌ಗೆ ಬಂದಾನಂತ, ಕರೆಕ್ಟ್ ಟೈಮಿಗೆ ಬಾಗಲಾ ಹಾಕಿಬಿಟ್ರು."

ಗೋಡೆಯ ಗಡಿಯಾರ ನೋಡಿ ಹನ್ನೊಂದಕ್ಕೆ ಎಷ್ಟು ಉಳಿಯಿತೆಂದು ಎಣಿಸಿದೆ.

"ನೀವೇನೂ ಚಿಂತಿ ಮಾಡಬ್ಯಾಡ್ರಿ. ಟ್ಯಾಕ್ಸಿ ಮಾಡಿ ಕಳಿಸೀನಿ. ಡ್ರೈವರ್ ನಮ್ಮ ವಿಜಾಪುರ ಕಡೆಯಂವಾ. ಒಂದ ಗಂಟಿಕ್ಕ ಪುಣೆ. ಸ್ವಲ್ಪ ಕೆಲಸ ಅಂದ್ರಲ್ಲ, ಮಧ್ಯಾಹ್ನದ ಮ್ಯಾಲ ಮಾಡ್ಕೊತಾರ ಬಿಡ್ರಿ."

ಐದೂ ಮುಕ್ಕಾಲಿಗೆ ಹೊರಗೆ ಬಂದವಳನ್ನು ಯಾರೂ ತಡೆಯದೆ ನೇರವಾಗಿ ಟ್ಯಾಕ್ಸಿಗೆ ಹತ್ತಿಸಿದ್ದರೆ ಹನ್ನೊಂದಕ್ಕೆ ಕೋರ್ಟಿನ ಮೆಟ್ಟಿಲ ಮೇಲಿರುತ್ತಿದ್ದಳು. ನನ್ನ ವಿಮಾನವೂ ಬೇಕಾಗಿರಲಿಲ್ಲ, ನನ್ನ ಗುರುನಾಥನೂ ಬೇಕಾಗಿರಲಿಲ್ಲ. ಗುರುನಾಥನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ವಿಷಯ ಗೊತ್ತಿದ್ದರೆ ಆ ಮನುಷ್ಯ ಅವಳನ್ನು ಹೆಗಲ ಮೇಲೆ ಹೊತ್ತು ಓಡುತ್ತಿದ್ದ. ಮುಚ್ಚಿಟ್ಟವಳು ನಾನು.

ಆಫೀಸಿಗೆ ಓಡಿದೆ. ಫಡಕೆ ಸಾಹೇಬರು ಆಗಷ್ಟೇ ಬಂದು ಉದುಬತ್ತಿ ಹಚ್ಚುತ್ತಿದ್ದರು. ಅವರು ಬಾರಾಮತಿಯಿಂದ ಬಂದ ಮೇಲೂ ಮುಚ್ಚಿಟ್ಟಿದ್ದುದೆಲ್ಲವನ್ನೂ ನಿಂತ ಕಾಲಲ್ಲಿ ಹೇಳಿದೆ. ಎರಡು ತಾಸು ಹತ್ತು ನಿಮಿಷ ಎಂದಾಗ ಅವರು ಉದುಬತ್ತಿ ಸಿಕ್ಕಿಸಿ ನನ್ನ ಕಡೆ ತಿರುಗಿದರು. ಬಯ್ಯುತ್ತಾರೆಂದು ಕಾದೆ. ಅವರು ಕಪಾಟು ತೆಗೆದು ಕಸ್ತೂರಿಯ ಟಿಕೆಟ್ಟಿನ ಕೆಂಪು ಅಕ್ಷರದ ಕೊನೆಯ ಹಾಳೆ ಹುಡುಕಿ ತೆಗೆದರು. ಟೊಪ್ಪಿಗೆ ಹಾಕಿಕೊಂಡು, "ನಡೆಯಿರಿ" ಎಂದರು. ಕೆಲಸದ ವೇಳೆಯಲ್ಲಿ ಅವರು ಅಂಗಡಿ ಬಿಟ್ಟು ಹೊರಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೋರ್ಟಿನ ಕೋಣೆಯಲ್ಲಿ ನ್ಯಾಯಾಧೀಶರು ಐವತ್ತು ದಾಟಿದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಕಸ್ತೂರಿಯ ಗಂಡ ಮುಂದಿನ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅಶ್ವಿನಿ, ಎರಡು ಜಡೆ, ಶಾಲೆಯ ಬೂಟು. ಹನ್ನೊಂದೂಕಾಲಿಗೆ ಕಸ್ತೂರಿಯ ಹೆಸರನ್ನು ಮೂರು ಸಲ ಕೂಗಿದರು. ಅವಳ ವಕೀಲರು ಎದ್ದು ಸಮಯ ಕೇಳಿದರು. ಎದುರಿನ ವಕೀಲರು, ಇದು ಮೂರನೆಯ ಸಲ, ತಾಯಿಗೆ ಆಸಕ್ತಿಯಿಲ್ಲ ಎನ್ನಲು ಇನ್ನೇನು ಪುರಾವೆ ಬೇಕು ಎಂದರು. ನ್ಯಾಯಾಧೀಶರ ಕೈ ಪೆನ್ನಿಗೆ ಹೋಯಿತು.

ನನಗೆ ಕೋರ್ಟಿನ ರೀತಿ ರಿವಾಜು ಗೊತ್ತಿಲ್ಲ. ಎದ್ದು ನಿಂತು, ನನ್ನ ಒಡಕು ಮರಾಠಿಯಲ್ಲಿ, ಅವಳದು ತಪ್ಪಿಲ್ಲ, ಟಿಕೆಟ್ ಬರೆದವಳು ನಾನು ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ನ್ಯಾಯಾಧೀಶರು ಹತ್ತಿರ ಕರೆದು ಹಾಳೆ ಇಸಿದುಕೊಂಡು ಓದಿದರು. ಎಂಟರೊಳಗೆ ಪುಣೆ ಮುಟ್ಟುವ ಟಿಕೆಟ್, ವಾರದ ಹಿಂದಿನ ತಾರೀಖು, ಕೆಂಪು ಕಾರ್ಬನ್ನಿನಲ್ಲಿ ನನ್ನ ದುಂಡು ಅಕ್ಷರ. ಬರಬೇಕೆಂಬ ಮನಸ್ಸು ಅವಳಿಗಿತ್ತು ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇರೆ ಬೇಕಾಗಿರಲಿಲ್ಲ.

"ನಡುವೆ ಇಷ್ಟು ಕಡಿಮೆ ವೇಳೆ ಇಡಲು ಯಾರು ಒಪ್ಪಿದರು?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಫಡಕೆ ಸಾಹೇಬರು, "ನಾನು ಒಪ್ಪಿದೆ" ಎಂದರು. ತಿರುಗಿ ಅವರ ಮುಖ ನೋಡಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ, ಕಿವಿ ಕೆಂಪಾಗಿತ್ತು.

"ಸಹಾರದಿಂದ ಸಾಂತಾಕ್ರೂಜ ಎಷ್ಟು ದೂರ?"

"ಮೂರು ತಾಸು, ಮ್ಯಾಡಮ್" ಎಂದರು ಸಾಹೇಬರು.

"ನಾನು ಹೋಗಿದ್ದೇನೆ. ನಾಲ್ಕೈದು ಕಿಲೋಮೀಟರ್ ಇರಬಹುದು."

"ಹೌದು ಮ್ಯಾಡಮ್. ಮೂರು ತಾಸು."

ಕೋಣೆಯಲ್ಲಿ ನಗು ಹರಡಿತು. ನ್ಯಾಯಾಧೀಶರು ನಗಲಿಲ್ಲ. ಪ್ರಕರಣವನ್ನು ಊಟದ ನಂತರಕ್ಕೆ ಇಟ್ಟರು.

ಕಸ್ತೂರಿ ಬಂದದ್ದು ಒಂದೂ ಹತ್ತಕ್ಕೆ. ಟ್ಯಾಕ್ಸಿಯ ಬಾಗಿಲು ಹಾಕುವುದನ್ನೂ ಮರೆತು ಓಡಿ ಬಂದಳು. ಹಣೆಯ ತುಂಬ ಕುಂಕುಮ, ಕೈಚೀಲದಿಂದ ಇಣುಕುವ ತೆಂಗಿನಕಾಯಿ, ಹಸಿರು ಖಣದ ತುದಿ. ಸಂಸಾರ ಮುರಿದ ಅರ್ಜಿ ಹಿಡಿದು ಬಂದವಳು ಶ್ರಾವಣದ ಮುತ್ತೈದೆಯ ಹಾಗೆ ಕಾಣುತ್ತಿದ್ದಳು. ನಾನು ಕೈ ಹಿಡಿದುಕೊಂಡು, "ಯಾಕವ್ವಾ, ತಡಾ ಆಗ್ತದ ಅಂತ ಹೇಳಬಾರದಿತ್ತೇನ?" ಎಂದೆ.

"ಹೆಂಗ ಹೇಳಲ್ರಿ ಅಕ್ಕಾರ? ಗುರುನಾಥರ ಮನ್ಯಾಕಿ ಮಣಿ ಹಾಕಿ ಉಡಿ ತುಂಬಾಕ ಕೂಡ್ರಿಸಿದ್ಲು. ಎರಡ ವರ್ಷ ಆಗಿತ್ರಿ, ಯಾರೂ ನನ್ನ ಹಣಿಗೆ ಕುಂಕುಮಾ ಹಚ್ಚಿರಲಿಲ್ಲ" ಎಂದಳು. ಆಗ ಅತ್ತಳು.

ಮಧ್ಯಾಹ್ನ ನ್ಯಾಯಾಧೀಶರು ತಡವಾದದ್ದಕ್ಕೆ ಕಾರಣ ಕೇಳಿದರು. ಕಸ್ತೂರಿ ಸುತ್ತು ಬಳಸಲಿಲ್ಲ. "ಓಟಿ ಭರತ ಹೋತ್ಯಾ, ಮ್ಯಾಡಮ್. ಮಧೇಚ ಉಠತಾ ಆಲಂ ನಾಹೀ" ಎಂದಳು. ನಾವು ಉಡಿ ತುಂಬುವುದು ಎನ್ನುವುದಕ್ಕೆ ಮರಾಠಿಯವರು ಓಟಿ ಎನ್ನುತ್ತಾರೆ. ತುಂಬುತ್ತಿದ್ದರು, ನಡುವೆ ಏಳಲಾಗಲಿಲ್ಲ ಎಂಬುದು ಅವಳ ಉತ್ತರ. ಎದುರಿನ ವಕೀಲರು ಥಟ್ಟನೆ ಎದ್ದು, ಇದೂ ಒಂದು ಕಾರಣವೇ ಎಂದು ಆಕ್ಷೇಪಿಸಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಅವರನ್ನು ನೋಡಿ, "ವಕೀಲರೇ, ನೀವು ಗಂಡಸರು. ಕೂತುಕೊಳ್ಳಿ" ಎಂದರು. ಅರ್ಜಿ ಉಳಿಯಿತು.

ಆದರೆ ಮಗಳು ಸಿಗಲಿಲ್ಲ, ಅವತ್ತು. ನ್ಯಾಯಾಧೀಶರು ಅಶ್ವಿನಿಯನ್ನು ಕರೆದು, "ಇವರು ಯಾರು ಹೇಳು" ಎಂದು ಕೇಳಿದರು. ಹುಡುಗಿ ಅಪ್ಪನ ಅಂಗಿಯ ತುದಿ ಹಿಡಿದು ತನ್ನ ಬೂಟನ್ನೇ ನೋಡುತ್ತ, "ಫೋನಿನ ಆಯಿ", ಫೋನಿನ ಅಮ್ಮ, ಎಂದಳು. ಕಸ್ತೂರಿ ಎರಡು ಹೆಜ್ಜೆ ಮುಂದೆ ಹೋದಳು. ಹುಡುಗಿ ಅಪ್ಪನ ಬೆನ್ನ ಹಿಂದೆ ಸರಿದಳು. ಇಷ್ಟು ಹತ್ತಿರ ಬಂದು ಎದುರಿಗೆ ನಿಂತ ಮೇಲೂ ದಾಟಲು ಇನ್ನೂ ಎಷ್ಟೋ ದೂರ ಇದೆ ಎಂದು ನನಗೆ ಅನ್ನಿಸಿತು.

ಸಂಜೆ ಆಫೀಸಿಗೆ ಮರಳಿದ ಮೇಲೆ ಫಡಕೆ ಸಾಹೇಬರು ನನಗೊಂದು ಲಿಖಿತ ನೋಟೀಸು ಕೊಟ್ಟರು. ಮ್ಯಾನೇಜರರ ಒಪ್ಪಿಗೆಯಿಲ್ಲದೆ ಮೂರು ತಾಸಿಗಿಂತ ಕಡಿಮೆ ಅಂತರದ ಟಿಕೆಟ್ ಬರೆದದ್ದಕ್ಕೆ ಎಚ್ಚರಿಕೆ. "ಬೆಳಿಗ್ಗೆ ಕೋರ್ಟಿನಲ್ಲಿ ನೀವೇ ಒಪ್ಪಿದೆ ಅಂದಿರಲ್ಲ ಸಾಹೇಬ" ಎಂದೆ. "ಅದು ಕೋರ್ಟು. ಇದು ಆಫೀಸು" ಎಂದರು. ನನ್ನ ನೌಕರಿಯಲ್ಲಿ ಯಾರೂ ನನಗೆ ಪ್ರಶಸ್ತಿಪತ್ರ ಕೊಡಲಿಲ್ಲ. ಆ ನೋಟೀಸನ್ನೇ ಜೋಪಾನ ಮಾಡಿ ಇಟ್ಟುಕೊಂಡಿದ್ದೇನೆ.

ಮೂರನೇ ಮಹಡಿಯ ಹುಡುಗಿಗೆ ಇಲ್ಲಿ ಒಂದೆರಡು ಪಾಯಿಂಟ್ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಗಿರಾಕಿ ಎಲ್ಲಿಗೆ ಹೋಗುತ್ತಾನೆ ಎಂದು ಕೇಳುವುದು ಸುಲಭ, ಯಾಕೆ ಎಂದು ಕೇಳುವುದು ಕಷ್ಟ. ಕೇಳು. ತಿಳಿದದ್ದನ್ನು ಮುಂದೆ ಸಹಾಯ ಮಾಡುವವನಿಗೆ ಹೇಳು, ಊರಿಗೆಲ್ಲ ಗೊತ್ತಾದರೂ ಆಗಲಿ. ಇನ್ನು ಯಂತ್ರ ಸರಿ ಎಂದರೆ, ಯಂತ್ರದ ಮಟ್ಟಿಗೆ ಸರಿ ಎಂದು ತಿಳಿ. ಎರಡು ಸಾವಿರದ ಮೇಲೆ ರಸ್ತೆ ಬದಲಾಯಿತು, ಮುಂಬಯಿಯಲ್ಲಿ ಇಳಿದ ಪುಣೆಯವರೆಲ್ಲ ಮೂರು ತಾಸಿನಲ್ಲಿ ಕಾರಿನಲ್ಲೇ ಬರತೊಡಗಿದರು. ಆಮೇಲೆ ಕಾಗದದ ಟಿಕೆಟ್ಟೇ ಹೋಯಿತು. ನಾನು ನಿವೃತ್ತಳಾದ ವರ್ಷ ಉಳಿದ ಖಾಲಿ ಟಿಕೆಟ್ ಪುಸ್ತಕಗಳನ್ನು ಎಣಿಸಿ ವಾಪಸು ಕಳಿಸಿದೆವು. ನನ್ನ ದುಂಡು ಅಕ್ಷರ ಈಗ ಕಿರಾಣಿ ಚೀಟಿಗೆ ಮೀಸಲು.

ಕಸ್ತೂರಿಯ ಪ್ರಕರಣ ಮುಂದಿನ ಬೇಸಿಗೆಯಲ್ಲಿ ಮುಗಿಯಿತು. ಇಬ್ಬರೂ ಒಪ್ಪಿದರು. ಗಂಡನ ಮನಸ್ಸು ಮತ್ತೆ ಯಾಕೆ ತಿರುಗಿತೋ ನನಗೆ ತಿಳಿಯದು. ಅವನಿಗೆ ಬೇರೆ ಮದುವೆಯ ಮಾತು ನಡೆದಿತ್ತು ಎಂದು ಕೆಲವರು ಹೇಳಿದರು. ಅಶ್ವಿನಿ ತಾಯಿಯ ಹತ್ತಿರ ಇರತಕ್ಕದ್ದು, ರಜೆಯಲ್ಲಿ ತಂದೆಯ ಹತ್ತಿರ ಬರತಕ್ಕದ್ದು. ಪಾಸ್‌ಪೋರ್ಟಿಗೆ ಅವನೇ ಸಹಿ ಮಾಡಿದ. ಕಸ್ತೂರಿ ಮಗಳನ್ನು ಕರೆದೊಯ್ಯಲು ಬಂದು ಹದಿನೈದು ದಿನ ಗೆಳತಿಯೊಬ್ಬಳ ಮನೆಯಲ್ಲಿದ್ದಳು. ಆ ಹದಿನೈದು ದಿನ ಹುಡುಗಿ ಅವಳ ಜೊತೆ ಹೂಂ, ಉಹೂಂ ಬಿಟ್ಟು ಒಂದು ಮಾತೂ ಆಡಲಿಲ್ಲವಂತೆ. "ಕಾಗದದ ಮ್ಯಾಲ ಸಿಕ್ಕಾಳ್ರಿ ಅಕ್ಕಾರ. ಮಸ್ಕತ್ತಿಗೆ ಹೋಗಿ ಬಾಗಲಾ ಹಾಕ್ಕೊಂಡು ಅಳಾಕ ಹತ್ತಿದ್ರ ನಾ ಏನ ಮಾಡ್ಲಿ?" ಎಂದು ನನ್ನ ಮೇಜಿನ ಎದುರು ಕೂತು ಕೇಳಿದಳು.

ನಾನು ಟಿಕೆಟ್ ಪುಸ್ತಕ ಎಳೆದುಕೊಂಡೆ. ಟಿಕೆಟ್ ಬರೆದೆ. ಒಂದು ದೊಡ್ಡವರದು, ಒಂದು ಮಗುವಿನದು. ಬೆಳಿಗ್ಗೆ ಪುಣೆಯಿಂದ ಸಾಂತಾಕ್ರೂಜ, ಸಂಜೆ ಸಹಾರದಿಂದ ಮಸ್ಕತ್ತು. ಮಧ್ಯಾಹ್ನವೂ ಪುಣೆಯಿಂದ ಒಂದು ವಿಮಾನವಿತ್ತು. ಅದಾದರೆ ಮುಂಬಯಿಯಲ್ಲಿ ಕಾಯುವುದು ಮೂರೂವರೆ ತಾಸು, ನಿಯಮದ ಪ್ರಕಾರ ಸಾಕಷ್ಟಾಯಿತು. ಆದರೆ ಒಮ್ಮೆ ಸುಟ್ಟುಕೊಂಡ ಕೈ ನನ್ನದು, ಬೆಳಗಿನದನ್ನೇ ಹಿಡಿದೆ. ನಡುವೆ ಏಳು ತಾಸು. ಒಪ್ಪಿಗೆಗೆ ಸಾಹೇಬರ ಮುಂದೆ ಇಟ್ಟಾಗ ಅವರೂ, "ಏಳು ತುಸು ಹೆಚ್ಚಾಯಿತು, ಮಗು ಬೇಸರ ಮಾಡಿಕೊಳ್ಳುತ್ತದೆ" ಎಂದು ಗೊಣಗಿ ಸಹಿ ಹಾಕಿದರು. ಈ ಸಲ ಸಹಾರದಲ್ಲಿ ನಮ್ಮವರು ಯಾರಿಗೂ ನಾನು ಫೋನು ಮಾಡಲಿಲ್ಲ.

ವಾರದ ಮೇಲೆ ಮಸ್ಕತ್ತಿನಿಂದ ಫೋನು ಬಂತು. ಕಸ್ತೂರಿ ಆ ಏಳು ತಾಸನ್ನು ಒಂದೊಂದಾಗಿ ಹೇಳಿದಳು.

"ಮೊದಲನೇ ತಾಸು ಸುಮ್ಮನ ಕೂತಿದ್ಲು. ಎರಡನೇ ತಾಸಿನ್ಯಾಗ ಕಾಜಿನ ಕಿಡಕ್ಯಾಗಿಂದ ವಿಮಾನ ಎಣಸಾಕ ಹತ್ತಿದ್ಲು, ನಾನೂ ಎಣಸಿದೆ, ಆಕಿ ತಪ್ಪು ಅಂದ್ಲು. ಆಮ್ಯಾಲ ಹಸಿವಿ ಅಂದ್ಲು. ತಿಂದಳು, ನನ್ನ ಕೈಯಿಂದ ಅಲ್ಲ. ನಾಕನೇ ತಾಸಿಗೆ ಶುರು ಆತು ನೋಡ್ರಿ. ಯಾಕ ಬಿಟ್ಟ ಹೋದಿ ಅಂದ್ಲು. ನಾ ಹೇಳಿದೆ. ಸುಳ್ಳು ಅಂದ್ಲು. ಮತ್ತ ಹೇಳಿದೆ. ಹೊಡದ್ಲು ರೀ ಅಕ್ಕಾರ, ಎಲ್ಲಾರ ಮುಂದ, ಎರಡೂ ಕೈಲೆ. ಮಂದಿ ನೋಡಾಕ ಹತ್ತಿದ್ರು. ಎದ್ದ ಹೋಗೂಣಂದ್ರ ಎಲ್ಲಿಗೆ ಹೋಗೂದು? ಅಲ್ಲೇ ಕೂತ್ವಿ. ಐದನೇದು ಪೂರಾ ಅತ್ಲು. ಆರನೇದಕ್ಕ ನನ್ನ ತೊಡಿ ಮ್ಯಾಲ ತಲಿ ಇಟ್ಲು. ಏಳನೇದರಾಗ ವಿಮಾನಕ್ಕ ಕರದಾಗ ನಿದ್ದಿ ಹತ್ತಿತ್ತು. ಎಬ್ಬಿಸಲಿಲ್ರಿ. ಎತಗೊಂಡ ಹೋದೆ."

ಎಂಟು ವರ್ಷದ ಹುಡುಗಿ, ಜೊತೆಗೆ ಎರಡು ಚೀಲ. ಹೇಗೆ ಎತ್ತಿಕೊಂಡಳೋ. ಫೋನು ಇಟ್ಟೆ. ಕ್ಯಾಬಿನ್ನಿನ ಬಾಗಿಲಲ್ಲಿ ಫಡಕೆ ಸಾಹೇಬರು ನಿಂತಿದ್ದರು.

"ಮಸ್ಕತ್ತಿನ ಫೋನಲ್ಲವೇ? ವಿಮಾನ ಸಿಕ್ಕಿತೇ ಅವರಿಗೆ?"

"ಸಿಕ್ಕಿತು ಸಾಹೇಬ."

"ಏಳು ತಾಸು ಇಟ್ಟಿದ್ದಿರಿ. ಎಷ್ಟು ಉಳಿಯಿತು?"

"ಏನೂ ಉಳಿಯಲಿಲ್ಲ ಸಾಹೇಬ. ಏಳೂ ತಾಸು ಬೇಕಾದವು."